ಬೋರ್ಡಮ್ಮನ ಹನ್ನೆರಡು ವಿಳಾಸಗಳು

ಬಸ್ ನಿಲ್ದಾಣದಲ್ಲಿ ಅವಳನ್ನು ಬಹುತೇಕ ಎಲ್ಲರೂ ಬೋರ್ಡಮ್ಮ ಎನ್ನುತ್ತಿದ್ದರು. ಹನ್ನೆರಡು ಪ್ಲಾಟ್‌ಫಾರ್ಮಿಗೆ ಹನ್ನೆರಡು ದೀಪದ ಬೋರ್ಡುಗಳು. ಅವುಗಳ ಮೇಲೆ ಓಡುವ ಅಕ್ಷರಗಳೆಲ್ಲ ಅವಳ ಸುಪರ್ದಿಗೆ ಸೇರಿದ್ದವು. ಅದಕ್ಕೂ ಮುಂಚೆ ಅವಳ ಅಪ್ಪ ಅದೇ ಕಂಬಗಳಿಗೆ ಏಣಿ ಹಾಕಿ, ತಗಡಿನ ಮೇಲೆ ಊರುಗಳ ಹೆಸರನ್ನು ಬಣ್ಣದಲ್ಲಿ ಬರೆಯುತ್ತಿದ್ದ. ಮಗಳು ಸೇರಿದ್ದು ಟೈಪಿಸ್ಟ್ ಆಗಿ. ದೀಪದ ಬೋರ್ಡುಗಳು ಬಂದಾಗ ಪ್ರೋಗ್ರಾಂ ಬರೆಯಲು ಬಂದಿದ್ದ ಎಂಜಿನಿಯರ್ ಅರ್ಧಕ್ಕೇ ಕಾಲ್ಕಿತ್ತ. ಪ್ರೋಗ್ರಾಂ ಬರೆಯುವ ಸಿ ಭಾಷೆಯ ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಮರೆತುಹೋಗಿದ್ದ. ಹೇಗೂ ಟೈಪಿಂಗ್ ಬರುತ್ತದಲ್ಲ ಎಂದು ಮ್ಯಾನೇಜರ್ ಉಳಿದ ಅರ್ಧವನ್ನು ಅವಳ ತಲೆಗೆ ಕಟ್ಟಿದರು. ಎಂಟು ತಿಂಗಳಲ್ಲಿ ಮುಗಿಸಿದಳು. ಟೈಪ್ ಮಾಡುವುದಕ್ಕೆ ಇಷ್ಟು ದಿನ ಯಾಕೆ ಬೇಕಾಯಿತೆಂದು ಅವರು ಕೇಳಿದರು.

ಪ್ರೋಗ್ರಾಂ ಮಾಡುತ್ತಿದ್ದ ಕೆಲಸ ಸರಳ. ಪ್ರತಿ ಬೋರ್ಡಿಗೂ ಒಂದು ವಿಳಾಸ: ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆ. ಅದು ಮನುಷ್ಯರು ಓದುವ ರೂಪ. ತಂತಿಯ ಮೇಲೆ ಹೋಗಬೇಕಾದರೆ ಅದು ಸೊನ್ನೆ-ಒಂದುಗಳ ಮೂವತ್ತೆರಡು ಮನೆಯ ಸಾಲಾಗಬೇಕು. ಹಾಗೆ ಮಾಡಿಕೊಡಲು ಸಿ ಭಾಷೆಯಲ್ಲಿ ‘ಐನೆಟ್ ಅಡ್ರ್’ ಎಂಬ ಸಿದ್ಧ ಕಾರ್ಯ, ಅಂದರೆ ಫಂಕ್ಷನ್, ಇತ್ತು. ಅವಳು ಅದರ ಕೈಗೆ ವಿಳಾಸಗಳ ಪಟ್ಟಿ ಕೊಡುತ್ತಿದ್ದಳು, ಅದು ಸಾಲು ಕೊಡುತ್ತಿತ್ತು. ಹನ್ನೊಂದು ವರ್ಷ ಇಬ್ಬರ ನಡುವೆ ಒಂದು ಮಾತೂ ಬಂದಿರಲಿಲ್ಲ.

ಪಟ್ಟಿ ಇರುತ್ತಿದ್ದುದು ಸೂಪರಿಂಟೆಂಡೆಂಟ್ ಬಳಿ. ಅವರು ಅಚ್ಚುಕಟ್ಟಿನ ಮನುಷ್ಯ. ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದರು. ಒಂದು ಸೋಮವಾರ ಅವರ ಕಣ್ಣು ವಿಳಾಸಗಳ ಮೇಲೆ ಬಿತ್ತು. ಮೊದಲ ಮೂರು ಸಂಖ್ಯೆಗಳು ಎಲ್ಲ ಸಾಲಿನಲ್ಲೂ ಮೂರಂಕಿಯವು: 192, 168, 100. ಕೊನೆಯದು ಪ್ಲಾಟ್‌ಫಾರ್ಮಿನ ಸಂಖ್ಯೆ, ಅದು ಮಾತ್ರ ಒಂದು ಕಡೆ ಒಂದಂಕಿ, ಇನ್ನೊಂದು ಕಡೆ ಎರಡಂಕಿ. ಬಲಗಡೆಯ ಅಂಚು ಇಲಿ ಕಡಿದಂತೆ ಕಾಣುತ್ತಿತ್ತು. ಅವರು ಎಂಟನ್ನು 008 ಮಾಡಿದರು, ಹತ್ತನ್ನು 010 ಮಾಡಿದರು. ಅಂಚು ನೇರವಾಯಿತು. ಅಂದು ಅವರು ಸಮಾಧಾನದಿಂದ ಮನೆಗೆ ಹೋದರು.

ಮಂಗಳವಾರ ಬೆಳಿಗ್ಗೆ ಎಂಟನೇ ಪ್ಲಾಟ್‌ಫಾರ್ಮಿನ ಬಸ್ಸಿನ ಗೇರ್ ಕೈಕೊಟ್ಟಿತು. ಬೋರ್ಡಮ್ಮ ಎಂದಿನಂತೆ ‘ಈ ಬಸ್ಸು ಇಂದು ಹೊರಡುವುದಿಲ್ಲ’ ಎಂದು ಬರೆದು ಎಂಟಕ್ಕೆ ಕಳಿಸಿದಳು. ಹನ್ನೆರಡು ಬೋರ್ಡುಗಳೂ ಅದನ್ನೇ ಹೇಳಿದವು. ಹನ್ನೆರಡು ಬಸ್ಸುಗಳಿಂದಲೂ ಜನ ಗಂಟುಮೂಟೆ ಸಮೇತ ಇಳಿದರು. ಮೂರನೇ ಪ್ಲಾಟ್‌ಫಾರ್ಮಿನ ಚಾಲಕ ಎಂಜಿನ್ ಆರಿಸಿ, ಹಿಂದಿನ ಸೀಟಿನಲ್ಲಿ ಮಲಗಿ, ಮುಖದ ಮೇಲೆ ಟವೆಲ್ ಎಳೆದುಕೊಂಡ.

ಬೋರ್ಡಮ್ಮ ಏದುಸಿರು ಬಿಡುತ್ತಾ ಬಂದಳು. "ನಿಮ್ ಬಸ್ ಚೆನ್ನಾಗೇ ಇದೆಯಲ್ಲಣ್ಣಾ?"

"ಚೆನ್ನಾಗಿದೆ. ಆದ್ರೆ ಹೊರಡಲ್ಲ," ಎಂದ ಟವೆಲ್ ಕೆಳಗಿನಿಂದ. "ನೀನೇ ಬರ್ದಿದೀಯಲ್ಲ."

ಅಷ್ಟರಲ್ಲಿ ಹತ್ತನೆಯದರ ಸುದ್ದಿ ಎಂಟರಲ್ಲಿ, ಹನ್ನೊಂದರದ್ದು ಒಂಬತ್ತರಲ್ಲಿ ಬರತೊಡಗಿತ್ತು. ಒಂದರಿಂದ ಏಳರವರೆಗೆ ಕಳಿಸಿದ್ದು ಮಾತ್ರ ಸರಿಯಾದ ಜಾಗಕ್ಕೇ ಹೋಗುತ್ತಿತ್ತು. ಅವಳು ಪ್ರೋಗ್ರಾಂ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಕರಿಹಲಗೆಗಳ ಮೇಲೆ ಬರೆದು ಪ್ಲಾಟ್‌ಫಾರ್ಮುಗಳಿಗೆ ಒರಗಿಸಿಟ್ಟಳು. ಮಧ್ಯಾಹ್ನ ಪಟ್ಟಿ ತೆರೆದು ನೋಡಿದರೆ ಮುಂದೆ ನಿಂತ ಸೊನ್ನೆಗಳು. ಪುಸ್ತಕ ತೆಗೆದಳು. ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಈ ಕಾರ್ಯ ಹತ್ತತ್ತರ ಬದಲು ಎಂಟೆಂಟರ ಲೆಕ್ಕದಲ್ಲಿ ಓದುತ್ತದೆ ಎಂದಿತ್ತು. ಆ ಲೆಕ್ಕದಲ್ಲಿ 010 ಎಂದರೆ ಎಂಟು. ಎಂಟು, ಒಂಬತ್ತು ಎಂಬ ಅಂಕಿಗಳೇ ಅಲ್ಲಿಲ್ಲ. ಹಾಗಾಗಿ 008 ವಿಳಾಸವೇ ಅಲ್ಲ.

‘ಇವರ ಅಚ್ಚುಕಟ್ಟಿಗಿಷ್ಟು!’ ಎಂದು ಅವಳು ಒಳಗೊಳಗೇ ಕುದಿದಳು. ಆಮೇಲೆ ಪುಟದ ಕೊನೆಯ ಪ್ಯಾರಾ ಓದಿದಳು. ವಿಳಾಸ ತಪ್ಪಿದ್ದರೆ ಉತ್ತರವಾಗಿ ಮೈನಸ್ ಒಂದು ಬರುತ್ತದೆ, ಬಳಸುವವರು ಅದನ್ನು ಪರೀಕ್ಷಿಸಿಕೊಳ್ಳಬೇಕು. ಯಂತ್ರದ ಲೆಕ್ಕದಲ್ಲಿ ಮೈನಸ್ ಒಂದೆಂದರೆ ಮೂವತ್ತೆರಡು ಮನೆಯಲ್ಲೂ ‘ಒಂದು’. ಎಲ್ಲ ಮನೆಯಲ್ಲೂ ಒಂದಿದ್ದರೆ ‘ಎಲ್ಲರಿಗೂ ಹೇಳು’ ಎಂಬ ವಿಳಾಸವಾಗುತ್ತದೆ. ಹನ್ನೊಂದು ವರ್ಷದಿಂದ ಅವಳ ಪ್ರೋಗ್ರಾಂ ಆ ಉತ್ತರವನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆ ಸಾಲಿನ ಕೆಳಗೆ ಗೆರೆ ಎಳೆದು ಪುಸ್ತಕ ಮುಚ್ಚಿದಳು.

ಸಂಜೆ ಮ್ಯಾನೇಜರ್ ಕರೆಸಿದರು. ಸೂಪರಿಂಟೆಂಡೆಂಟ್ ಆಗಲೇ ಅಲ್ಲಿ ನಿಂತಿದ್ದರು, ಕೈ ಹಿಂದೆ ಕಟ್ಟಿಕೊಂಡು.

"ಸುತ್ತಿಬಳಸಿ ಹೇಳ್ಬೇಡಮ್ಮ. ಯಾರ ತಪ್ಪು?" ಎಂದರು ಮ್ಯಾನೇಜರ್.

ಉತ್ತರ ಅವಳ ಪಕ್ಕದಲ್ಲೇ ನಿಂತಿತ್ತು. ಅವಳು ಅತ್ತ ನೋಡಲಿಲ್ಲ.

"ನಂದು ಸಾರ್. ಸೊನ್ನೆ ಯಾರ್ ಬೇಕಾದ್ರೂ ಹಾಕ್ತಾರೆ. ತಪ್ಪು ವಿಳಾಸ ಬಂದ್ರೆ ನನ್ ಪ್ರೋಗ್ರಾಂ ನಿಲ್ಬೇಕಿತ್ತು, ನಿಲ್ಲಲಿಲ್ಲ."

ಮ್ಯಾನೇಜರ್ ಡ್ರಾಯರ್ ಎಳೆದು ಹುಡುಕಿದರು. ತಪ್ಪನ್ನು ಅಲ್ಲಗಳೆಯುವವರಿಗೆ ಮೂರು ಬಗೆಯ ನೋಟಿಸುಗಳಿದ್ದವು, ಒಪ್ಪಿಕೊಂಡವರಿಗೆ ಒಂದೂ ಇರಲಿಲ್ಲ. ಕೊನೆಗೆ ಬಿಳಿ ಹಾಳೆಯ ಮೇಲೆ ಎಚ್ಚರಿಕೆ ಬರೆದು ಅವಳ ಫೈಲಿಗೆ ಸೇರಿಸಿದರು.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ: "ನಾನೂ ಒಂದ್ಸಲ ಆರರ ತಗಡು ತಲೆಕೆಳಗೆ ಹೊಡ್ದಿದ್ದೆ ಪುಟ್ಟಿ. ಒಂದ್ ವರ್ಷ ನಿಲ್ದಾಣದಲ್ಲಿ ಎರಡು ಒಂಬತ್ತು."

"ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. ಎರಡನೇದು ಹೊಸದು ಅಂದೆ." "ನೀನು ಹೇಳ್ಬಿಟ್ಯಲ್ಲ. ಒಳ್ಳೇದಾಯ್ತು."

ಆ ವಾರವೆಲ್ಲ ಕೂತು ಅವಳು ಹಳೆಯ ಕಾರ್ಯವನ್ನು ಕಿತ್ತು ‘ಐನೆಟ್ ಪಿ-ಟಾನ್’ ಎಂಬ ಹೊಸತನ್ನು ಹಾಕಿದಳು. ಅದಕ್ಕೆ ಎಂಟೆಂಟರ ಲೆಕ್ಕದ ಹುಚ್ಚಿಲ್ಲ. ಸರಿಯೋ ತಪ್ಪೋ ಎಂಬುದನ್ನು ಒಂದು ಕಡೆ, ವಿಳಾಸವನ್ನು ಇನ್ನೊಂದು ಕಡೆ ಕೊಡುತ್ತದೆ, ಒಂದರೊಳಗೊಂದು ಬೆರೆಯುವುದಿಲ್ಲ. ಸಂಖ್ಯೆಯ ಮುಂದೆ ಸೊನ್ನೆಯಿದ್ದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸೂಪರಿಂಟೆಂಡೆಂಟರ ಹನ್ನೆರಡು ಸಾಲಿಗೆ ಹನ್ನೆರಡು ‘ತಪ್ಪು’ ಬಂತು.

"ಪೂರ್ತಿ ಪಟ್ಟಿನೇ ತಪ್ಪಾ?" ಅವರ ಮುಖ ಸಣ್ಣಗಾಯಿತು.

"ಪಟ್ಟಿ ಚೆಂದಾಗೇ ಇದೆ ಸಾರ್. ಈ ಪ್ರೋಗ್ರಾಂಗೇ ಓದೋಕೆ ಬರಲ್ಲ."

ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಇಡೀ ಬೆಳಿಗ್ಗೆ ಕೂತು ಸೊನ್ನೆಗಳನ್ನು ಒಂದೊಂದಾಗಿ ತೆಗೆದರು. ಅದಾದ ಮೇಲೆ ಪಟ್ಟಿಯಲ್ಲಿ ಏನೇ ಬದಲಿಸುವುದಿದ್ದರೂ ಮೊದಲು ಅವಳ ಮೇಜಿನ ಹತ್ತಿರ ಬಂದು, "ಹಾಕ್ಲಾ ಬೋರ್ಡಮ್ಮಾ?" ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ಅವರು ಅವಳನ್ನು ಟೈಪಿಸ್ಟ್ ಎಂದೇ ಕರೆಯುತ್ತಿದ್ದರು.