ಫಿರಂಗಿ ಸುರಂಗದ ಆಚೆ ಬಾಯಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಕುವೈತಿನ ನೆಲದಡಿ ನಾನು ಜೋಡಿಸಿದ ಚರಂಡಿ ಪೈಪುಗಳಲ್ಲಿ ಒಂದೂ ಇವತ್ತಿನವರೆಗೆ ಸೋರಿಲ್ಲ. ಈ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದರ ಅಡಿಯಲ್ಲಿ ಒಂದು ಹೆದರಿಕೆಯೂ ಇತ್ತು. ಅದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ಅವರು ನಮ್ಮ ಗ್ಯಾಂಗಿನ ಮೇಸ್ತ್ರಿ, ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನರು. ನಾನು ಕಾಕ ಎನ್ನುತ್ತಿದ್ದೆ. ಮೂರು ವರ್ಷದ ಹಿಂದೆ ದೊಡ್ಡ ಪೈಪಿನೊಳಗೆ ಕೂತು ಕೆಲಸ ಮಾಡುತ್ತಿದ್ದಾಗ ಹೊರಗೆ ಮಣ್ಣು ಕುಸಿದು ಅದರ ಬಾಯಿ ಮುಚ್ಚಿಹೋಯಿತು. ಕತ್ತಲಲ್ಲಿ ಕೇಳಿದ್ದು ಕಾಕ ಪೈಪಿಗೆ ಸ್ಪ್ಯಾನರಿನಿಂದ ಕೊಟ್ಟ ಮೂರು ಪೆಟ್ಟು. ನಾನೂ ಮೂರು ಕೊಟ್ಟೆ. ಇದ್ದೇನೆ ಎಂದು ಅದರ ಅರ್ಥ. ಒಂದು ಕೈಯಲ್ಲಿ ಬಡಿಯುತ್ತ, ಇನ್ನೊಂದರಲ್ಲಿ ಮಣ್ಣು ಬಾಚುತ್ತ ಅವರು ನನ್ನನ್ನು ಹೊರಗೆಳೆದರು. ಅವರ ಎರಡು ಉಗುರು ಕಿತ್ತು ಬಂದಿದ್ದವು.

ಅಂದಿನಿಂದ ಕಾಕ ಮೇಲೆ ಕೂತು ಪೈಪಿಗೆ ಬಡಿಯದಿದ್ದರೆ ನಾನು ಗುಂಡಿಗೆ ಇಳಿಯುತ್ತಿರಲಿಲ್ಲ. ಉಳಿದವರು ಅದನ್ನು ಗ್ಯಾಂಗಿನ ಪದ್ಧತಿ ಎಂದುಕೊಂಡಿದ್ದರು. ಈಗ ಕಾಕ ಇಕಾಮಾ, ಎಂದರೆ ಅಲ್ಲಿರಲು ಕೊಡುವ ಪರವಾನಗಿ, ಮುಗಿಸಿ ಊರಿಗೆ ಹೊರಟಿದ್ದರು, ಮೇಸ್ತ್ರಿಯ ಜಾಗ ನನ್ನದಾಗಿತ್ತು. ಹೊಸ ಗುಂಡಿಗೆ ಮೊದಲು ಇಳಿಯಬೇಕಾದವನು ಮೇಸ್ತ್ರಿ. ಅವರಿಲ್ಲದೆ ಇಳಿಯಬಲ್ಲೆನೇ? ಆ ಯೋಚನೆಗೆ ಊಟ ಸೇರುತ್ತಿರಲಿಲ್ಲ.

ಈದ್ ರಜೆಯಲ್ಲಿ ಕಾಕ ರೂಮಿಗೆ ಬಂದರು. "ಪೊರ್ಬುಗಳೇ," ಎಂದರು. ಕ್ರೈಸ್ತನಾದ ನನ್ನನ್ನು ಊರಿನ ರೂಢಿಯಂತೆ ಹಾಗೆ ಕರೆದು ಕೆಣಕುವುದು ಅವರ ಅಭ್ಯಾಸ. "ನಾಳೆ ಫೈಲಕಾ ದ್ವೀಪಕ್ಕೆ ಹೋಗುವ."

"ಅಲ್ಲಿ ಎಂತ ಉಂಟು ಕಾಕ?"

"ಗುಂಡಿಯೇ. ಆದರೆ ಬೇರೆಯವರು ಅಗೆದದ್ದು."

ದೋಣಿ ಇಳಿದು ದಡದುದ್ದಕ್ಕೆ ನಡೆದೆವು. ಕುವೈತನ್ನು ಆಕ್ರಮಿಸಿದ್ದವರು ಯುದ್ಧಕಾಲದಲ್ಲಿ ಕಟ್ಟಿದ್ದ ಫಿರಂಗಿ ನೆಲೆ ಕಡಲಿಗೆ ಮುಖ ಮಾಡಿತ್ತು. ಫಿರಂಗಿಗಳು ಇರಲಿಲ್ಲ, ಅವನ್ನು ಕೂರಿಸಿದ್ದ ಸಿಮೆಂಟಿನ ಕಟ್ಟೆ, ತುಕ್ಕು ಹಿಡಿದ ಬೋಲ್ಟುಗಳು ಉಳಿದಿದ್ದವು. ಪಕ್ಕದಲ್ಲೇ ಮದ್ದುಗುಂಡು ಇಡುತ್ತಿದ್ದ ಸುರಂಗಕ್ಕೆ ಮೆಟ್ಟಿಲು. ಗೋಡೆಗುಂಟ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು ಒಳಗೆ ಹೋಗಿತ್ತು.

ಕಾಕ ಬಗ್ಗಿ ನೋಡಿದರು. "ಸಿಮೆಂಟು ಒಳ್ಳೆಯದೇ ಹಾಕಿದ್ದಾರೆ. ನೀರು ಹೋಗಲಿಕ್ಕೆ ಇಳಿಜಾರು ಕೊಡಲಿಲ್ಲ ನೋಡು."

"ಯುದ್ಧಕ್ಕೆ ಬಂದವರಿಗೆ ಚರಂಡಿ ಎಂತಕ್ಕೆ?"

"ಅದಕ್ಕೇ ಸೋತದ್ದು ಮಾರಾಯ!" ಎಂದು ನಕ್ಕು, ಒಂದು ಕಲ್ಲು ಹೆಕ್ಕಿದರು. "ನನ್ನ ಮೊಣಕಾಲಿಗೆ ಆಗುವುದಿಲ್ಲ. ನೀನು ಹೋಗಿ ಆಚೆ ಬಾಯಿಯಿಂದ ಬಾ. ನಾನಿಲ್ಲಿ ಬಡಿಯುತ್ತೇನೆ."

ಮೊಬೈಲಿನ ಬೆಳಕು ಹಿಡಿದು ಇಳಿದೆ. ಉಪ್ಪು ಹಿಡಿದ ಗೋಡೆ, ಹಳೆಯ ಮಣ್ಣಿನ ವಾಸನೆ. ಹಿಂದಿನಿಂದ ಮೂರು ಪೆಟ್ಟು. ಬೆರಳಿನ ಉಂಗುರದಿಂದ ನಾನೂ ಪೈಪಿಗೆ ಮೂರು ಕೊಟ್ಟೆ. ಮೊದಲ ತಿರುವು ದಾಟಿದ ಮೇಲೂ ಕೇಳಿಸಿತು. ಎರಡನೆಯದರ ಹತ್ತಿರ ಸದ್ದು ನಿಂತಿತು. ನಾನು ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ.

ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಎಡಗೆನ್ನೆಗೆ ತಣ್ಣನೆ ಗಾಳಿ ತಾಗಿತು. ಗಾಳಿ ಆಡುವ ಕಡೆ ಬಾಯಿ ತೆರೆದಿರುತ್ತದೆ ಎಂದು ಪೈಪಿನ ಕೆಲಸದಲ್ಲಿ ನನಗೆ ಕಲಿಸಿದ್ದು ಕಾಕನೇ. ಆ ಗಾಳಿ ಹಿಡಿದು ನಡೆದೆ. ಮೆಟ್ಟಿಲು ಸಿಕ್ಕಿತು, ಮೇಲೆ ಬಿಸಿಲು. ಬಾಯಿಯ ಪಕ್ಕ ಕಲ್ಲಿನ ಮೇಲೆ ಕೂತು ಕಾಕ ಕಿತ್ತಳೆ ಸುಲಿಯುತ್ತಿದ್ದರು.

"ಮೊಣಕಾಲು?" ಎಂದೆ.

"ಮೇಲಿಂದ ನಡೆದು ಬರಲಿಕ್ಕೆ ಅದಕ್ಕೆಂತ ತೊಂದರೆ?"

"ಬಡಿಯುವುದು ಯಾಕೆ ನಿಲ್ಲಿಸಿದ್ದು?"

"ನಾನು ನಿಲ್ಲಿಸಿದೆ. ನೀನು ನಿಂತೆಯಾ?"

"ಸ್ವಲ್ಪ ನಿಂತೆ."

"ಮತ್ತೆ ಬಂದೆಯಲ್ಲ? ಖಲಾಸ್. ಕಿತ್ತಳೆ ತಿನ್ನು."

ನಮ್ಮ ಕಡೆ ಇಷ್ಟು ಹತ್ತಿರದವರಿಗೆ ಥ್ಯಾಂಕ್ಸ್ ಎಂದರೆ ಬೈಸಿಕೊಳ್ಳಬೇಕು. ಬಾಯಿಗೆ ಬಂದದ್ದನ್ನು ಕಿತ್ತಳೆಯ ಜತೆ ನುಂಗಿದೆ. ಹಿಂದೆ ಬರುವಾಗ ಅವರ ಚೀಲ ನಾನೇ ಹೊತ್ತೆ.

ಕಾಕ ಊರಿಗೆ ಹೋದ ಮರುವಾರ ಮೀನಾ ಅಬ್ದುಲ್ಲಾ ಎಂಬ ಜಾಗದಲ್ಲಿ ಹೊಸ ಗುಂಡಿ. ಮೊದಲು ನಾನೇ ಇಳಿದೆ. ಮೇಲಿನಿಂದ ಯಾರೂ ಬಡಿಯಲಿಲ್ಲ. ಕೆಳಗೆ ಮೊಬೈಲು ತೆಗೆದು, ಪೈಪಿಗೆ ಮೂರು ಪೆಟ್ಟು ಕೊಟ್ಟು, ಆ ಸದ್ದನ್ನು ರೆಕಾರ್ಡ್ ಮಾಡಿದೆ. ಮೇಲೆ ಬಂದು ಕಾಕನಿಗೆ ಕಳಿಸಿದೆ. ಮಾತು ಒಂದೂ ಸೇರಿಸಲಿಲ್ಲ.

ಊಟದ ಹೊತ್ತಿಗೆ ಉತ್ತರ ಬಂತು. ಮೂರು ಪೆಟ್ಟು. ಬಡಿದದ್ದು ಅಡುಗೆಮನೆಯ ಪಾತ್ರೆಗೆ ಇರಬೇಕು. ಹಿಂದಿನಿಂದ ಅವರ ಹೆಂಡತಿ ಬೈಯುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.