ಪವಿಯ ಸೋಮವಾರಗಳು

ಶನಿವಾರ ಬೆಳಗಾದರೆ ಲಾವಣ್ಯಾಳ ಕಿಟಕಿಯ ಕೆಳಗೆ ಗಾಜು ಒಡೆಯುವ ಸದ್ದು. ಜರ್ಮನಿಯ ಆಖೆನ್ ಊರಿನ ಆ ಬೀದಿಯ ತಿರುವಿನಲ್ಲಿ ಖಾಲಿ ಬಾಟಲಿ ಹಾಕುವ ದೊಡ್ಡ ಡಬ್ಬವೊಂದಿದೆ. ಎದುರು ಮನೆಯ ಗಂಡ ಹೆಂಡತಿ ಕೈಚೀಲ ಹಿಡಿದು ಬಂದು, ಅವನೊಂದು ಇವಳೊಂದು ಎಂದು ಸರದಿಯ ಮೇಲೆ ಬಾಟಲಿಗಳನ್ನು ಒಳಗೆ ಬಿಡುತ್ತಾರೆ. ಒಳಗೆ ಗಾಜು ಚೂರಾದಾಗಲೆಲ್ಲ ನಗುತ್ತಾರೆ. ಆ ನಗು ಕೇಳಿದರೆ ಲಾವಣ್ಯಾಳಿಗೆ ಹೊಟ್ಟೆಯೊಳಗೆ ಸಣ್ಣದೊಂದು ಉರಿ. ಕಸ ಹಾಕಲು ಜೊತೆಯಿರುವವರನ್ನು ಕಂಡೂ ಉರಿದುಕೊಳ್ಳುವ ಹಾಗಾದೆನಲ್ಲ ಎಂದು ತನ್ನನ್ನೇ ಬೈದುಕೊಂಡು ಕಿಟಕಿ ಮುಚ್ಚುತ್ತಾಳೆ.

ಅವಳು ತಿಪಟೂರಿನವಳು. ಓದಲು ಬಂದವಳು ಇಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ನಿಂತಳು. ಕಾಂಕ್ರೀಟಿನ ತುಂಡುಗಳನ್ನು ಯಂತ್ರದ ಬಾಯಿಗಿಟ್ಟು, ಎಷ್ಟು ಒತ್ತಿದರೆ ಬಿರುಕು ಬಿಡುತ್ತವೆಂದು ನೋಡುವುದು ಅವಳ ಕೆಲಸ. ಒಡೆಯುವ ಮುಂಚೆ ಕಾಂಕ್ರೀಟು ಹಕ್ಕಿ ಕುಟುಕಿದ ಹಾಗೆ ಸಣ್ಣ ಸದ್ದು ಮಾಡುತ್ತದೆ. ಆ ಸದ್ದು ಅವಳಿಗೆ ಇಷ್ಟ. ಗಂಡ ಸುಹಾಸ್ ಮೈಸೂರಿನವನು. ಅವನ ಕೆಲಸ ಹರ್ಟ್ಸೋಗೆನಾವ್‌ರಾಕ್ ಎಂಬ ಊರಿನಲ್ಲಿ, ರೈಲಿನಲ್ಲಿ ಅರ್ಧ ದಿನದ ದಾರಿ. ಮದುವೆಯಾದಾಗಿನಿಂದ ಅವರದು ವಾರದ ಕೊನೆಯ ಸಂಸಾರ. ಶುಕ್ರವಾರ ಸಂಜೆ ಸ್ಟೇಷನ್ನಿನಲ್ಲಿ ಕಾಯುವುದು, ಭಾನುವಾರ ಸಂಜೆ ಅದೇ ಸ್ಟೇಷನ್ನಿನಲ್ಲಿ ಕೈ ಬೀಸುವುದು.

ಪ್ರಯೋಗಾಲಯದವರು ಈಗ ಅವಳನ್ನು ಇನ್ನು ಮೂರು ವರ್ಷ ಇರುತ್ತೀಯಾ ಎಂದು ಕೇಳಿದ್ದಾರೆ. ಸೋಮವಾರ ಉತ್ತರ ಹೇಳಬೇಕು. ಬಿಟ್ಟು ಬಾ ಎಂದು ಸುಹಾಸ್ ಒಂದು ಮಾತು ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಅವನು ಹೇಳಿರಲಿಲ್ಲ. ಯಾಕೆ ಹೇಳುತ್ತಾನೆ, ಅಲ್ಲಿ ಪವಿ ಇದ್ದಾಳಲ್ಲ ಎಂದು ಅವಳ ಮನಸ್ಸು ಚುಚ್ಚುತ್ತಿತ್ತು.

ಪವಿ ಹಾಸನದ ಹುಡುಗಿ, ಅವನ ಆಫೀಸಿನವಳು. ಇಬ್ಬರೂ ಒಂದೇ ಬಡಾವಣೆಯಲ್ಲಿ ಇರುವುದರಿಂದ ದಿನಾ ಒಂದೇ ಕಾರಿನಲ್ಲಿ ಹೋಗಿಬರುತ್ತಾರೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಪವಿಗೆ ಮದುವೆ ಗೊತ್ತಾಗಿದೆ. ಲಾವಣ್ಯಾಳ ಹುಟ್ಟುಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. ಬೈಯಲು ಒಂದು ಕಾರಣವನ್ನೂ ಕೊಡದ ಹುಡುಗಿಯ ಮೇಲೆ ಹುಟ್ಟಿದ ಹೊಟ್ಟೆಕಿಚ್ಚು ಸುಲಭಕ್ಕೆ ಆರುವುದಿಲ್ಲ.

ಆ ಶನಿವಾರ ಲಾವಣ್ಯಾ, ಸುಹಾಸ್ ಇಬ್ಬರೂ ಬಾಡಿಗೆ ಕಾರಿನಲ್ಲಿ ಬ್ಯಾಕ್‌ಪ್ಯಾಕ್ ಹಾಕಿಕೊಂಡು ಐಫೆಲ್ ಬೆಟ್ಟಗಳ ಕಡೆ ಹೊರಟರು. ಹಿಂದೆಂದೋ ಜ್ವಾಲಾಮುಖಿ ಸಿಡಿದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಅಲ್ಲಿ ಗುಂಡಗಿನ ಕೆರೆಗಳಾಗಿವೆ. ಊರವರು ಅವನ್ನು ಮಾರ್ ಎನ್ನುತ್ತಾರೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ, ಪ್ರತಿಯೊಂದರ ಸುತ್ತ ಕಾಲ್ನಡಿಗೆಯಲ್ಲಿ, ಇದು ಅವರ ಯೋಜನೆ.

ಪೆಟ್ರೋಲ್ ಬಂಕಿನಲ್ಲಿ ಕಾಫಿ ಕೊಂಡು ಹೊರಟರು. ಹೆದ್ದಾರಿ ಸೇರಿದ ಮೇಲೆ ಸುಹಾಸ್ ರಸ್ತೆಯಿಂದ ಕಣ್ಣು ತೆಗೆಯದೆ ತನ್ನ ಲೋಟವನ್ನು ಪಕ್ಕಕ್ಕೆ ಚಾಚಿದ. ತನಗೇ ಕೊಡುತ್ತಿದ್ದಾನೆಂದು ಲಾವಣ್ಯಾ ಅದನ್ನು ತೆಗೆದುಕೊಂಡು ಒಂದು ಗುಟುಕು ಕುಡಿದಳು.

“ಕುಡಿಯೋಕಲ್ಲ ಕಣೇ. ಮುಚ್ಚಳ ತೆಗೆದುಕೊಡು.”

“ಮುಚ್ಚಳದಲ್ಲೇ ತೂತಿದೆಯಲ್ಲೋ.”

“ಬಾಯಿ ಸುಡತ್ತೆ. ಪವಿ ದಿನಾ ತೆಗೆದು, ಸ್ವಲ್ಪ ಆರಿದ್ಮೇಲೆ ಕೊಡ್ತಾಳೆ. ಅದೇ ಅಭ್ಯಾಸ ಆಗೋಗಿದೆ.”

ಅವನ ದನಿಯಲ್ಲಿ ಕಳ್ಳತನ ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನೋಡದೆಯೂ ಪಕ್ಕದಲ್ಲಿ ಒಂದು ಕೈ ಇದ್ದೇ ಇರುತ್ತದೆ ಎಂದು ನಂಬಿದ್ದ ಅವನ ಕೈ ಅವಳನ್ನು ಕೊರೆಯಿತು. ತನ್ನ ಕಡೆಗೆ ಅವನು ಎಂದೂ ಹಾಗೆ ಏನನ್ನೂ ಚಾಚಿರಲಿಲ್ಲ. ತನ್ನ ಮನೆಯಲ್ಲಿ ಅವನು ಒಳ್ಳೆಯ ನೆಂಟನ ಹಾಗೆ. ಮುಖ ನೋಡಿ ನಕ್ಕು, ನೀರು ಕೊಟ್ಟರೂ ಥ್ಯಾಂಕ್ಸ್ ಹೇಳುತ್ತಾನೆ. ಅವಳು ಮುಚ್ಚಳ ತೆಗೆದುಕೊಟ್ಟಳು. ಆರುವವರೆಗೆ ಕಾಯಲಿಲ್ಲ.

ಆ ರಾತ್ರಿ ಡೌನ್ ಎಂಬ ಊರಿನಲ್ಲಿ ತಂಗಿದರು. ಬೆಳಿಗ್ಗೆ ಕೋಣೆಯ ಪುಟ್ಟ ಅಡುಗೆಮನೆಯಲ್ಲಿ ಅನ್ನ ಮಾಡಿ, ಪುಳಿಯೋಗರೆ ಕಲಸಿ ಕಟ್ಟಿಕೊಳ್ಳಬೇಕು. ಲಾವಣ್ಯಾ ಅಮ್ಮ ಕಳಿಸಿದ್ದ ಗೊಜ್ಜಿನ ಬಾಟಲಿ ತೆಗೆದಿಟ್ಟಳು. ಸುಹಾಸ್ ತನ್ನ ಚೀಲದಿಂದ ಇನ್ನೊಂದು ಗೊಜ್ಜಿನ ಡಬ್ಬಿ ತೆಗೆದ.

“ಅಕ್ಕಿ?” ಎಂದಳು.

“ನೀನು ತಂದಿರ್ತೀಯ ಅಂದ್ಕೊಂಡೆ.”

“ನಾನು ನೀನು ತರ್ತೀಯ ಅಂದ್ಕೊಂಡೆ.”

ಭಾನುವಾರ. ಇಲ್ಲಿ ಒಂದೇ ಒಂದು ದಿನಸಿ ಅಂಗಡಿಯೂ ಬಾಗಿಲು ತೆಗೆದಿರುವುದಿಲ್ಲ. ಸುಹಾಸ್ ನಗಲು ಶುರುಮಾಡಿದ. “ಇಡೀ ಜರ್ಮನೀಲಿ ಎರಡು ಗೊಜ್ಜು ಇಟ್ಕೊಂಡು ಅನ್ನ ಇಲ್ಲದ ಗಂಡ ಹೆಂಡ್ತಿ ನಾವೇ ಇರ್ಬೇಕು. ಬೇಕರಿ ತೆಗೆದಿರತ್ತೆ, ಬನ್ ತರ್ತೀನಿ ಇರು.”

“ಈ ಡಬ್ಬಿ ಯಾರ್ದು?”

“ಪವಿ ಅಮ್ಮ ಮಾಡಿದ್ದು. ಇದನ್ನ ಮೊದಲು ಖಾಲಿ ಮಾಡೋಣ, ಡಬ್ಬಿ ವಾಪಸ್ ಕೇಳ್ತಾಳೆ.”

ಒಂದು ಮನೆಯಲ್ಲಿರುವವರು ಹೊರಡುವ ಹಿಂದಿನ ದಿನ ಅಕ್ಕಿ ಡಬ್ಬ ಯಾರ ಚೀಲಕ್ಕೆ ಎಂದು ಕೂಗಿ ಕೇಳಿಕೊಂಡಿರುತ್ತಾರೆ. ಲಾವಣ್ಯಾ ಅಮ್ಮನ ಬಾಟಲಿಯನ್ನು ವಾಪಸ್ ಚೀಲಕ್ಕಿಟ್ಟಳು.

ಮಧ್ಯಾಹ್ನ ವೈನ್‌ಫೆಲ್ಡರ್ ಮಾರ್‌ನ ದಂಡೆಯ ಬೆಂಚಿನ ಮೇಲೆ ಕೂತು ಬನ್ನಿಗೆ ಗೊಜ್ಜು ಸವರಿಕೊಂಡು ತಿಂದರು. ನೀರು ಕಪ್ಪಗೆ, ಅಲುಗದೆ ಇತ್ತು. ಒಂದು ಕಾಲಕ್ಕೆ ದಂಡೆಯಲ್ಲಿ ಊರಿತ್ತಂತೆ. ಈಗ ಉಳಿದಿರುವುದು ಬಿಳಿಯ ಚರ್ಚು, ಅದರ ಸುತ್ತ ಗೋರಿಗಳು.

“ಬೆಲ್ಲ ಜಾಸ್ತಿ,” ಎಂದಳು ಲಾವಣ್ಯಾ.

“ಹೌದಾ? ನಂಗೆ ಸರಿಯಾಗಿದೆ ಅನ್ಸತ್ತೆ.”

ಸರಿಯಾಗಿಯೇ ಇತ್ತು. ಅದೇ ಅವಳಿಗೆ ಗಂಟಲಲ್ಲಿ ಇಳಿಯದ್ದು. ಬೆರಳಿಗಂಟಿದ ಗೊಜ್ಜು ಒರೆಸಿಕೊಂಡು ಕೇಳಿದಳು. “ನಾಳೆ ನಾನು ಏನು ಹೇಳ್ಲಿ ಅವರಿಗೆ?”

“ಇರ್ತೀನಿ ಅನ್ನು. ಒಳ್ಳೆ ಕೆಲಸ. ನನ್ನ ಚಿಂತೆ ಮಾಡ್ಬೇಡ, ನಂಗೆ ಅಲ್ಲಿ ಎಲ್ಲಾ ಸೆಟ್ ಆಗಿದೆ.”

“ಅದಕ್ಕೇ ನಂಗೆ ಹೊಟ್ಟೆ ಉರಿಯೋದು.”

“ಯಾರ ಮೇಲೆ, ಪವಿ ಮೇಲಾ?” ಅವನು ನಗಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದ. “ಅವಳಿಗೆ ಮದುವೆ ಕಣೇ.”

“ಗೊತ್ತು. ಅವಳ ಮೇಲಲ್ಲ. ಅವಳ ಸೋಮವಾರ, ಮಂಗಳವಾರದ ಮೇಲೆ. ನಿನ್ನ ಶೀತ, ನಿನ್ನ ಸಿಡುಕು, ನೀನು ಸುಮ್ನೆ ಕೂತಿರೋದು, ಎಲ್ಲಾ ಅವಳಿಗೆ ಸಿಗತ್ತೆ. ನಂಗೆ ಇಸ್ತ್ರಿ ಮಾಡಿದ ಸುಹಾಸ್ ಬರ್ತಾನೆ.”

ಸುಹಾಸ್ ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟ. “ಬಾ ಅಂದ್ರೆ ನಿನ್ನ ಕೆಲಸ ನಾನೇ ಬಿಡಿಸಿದೆ ಅಂತ ಆಗತ್ತೆ. ಅದಕ್ಕೇ ಬಾಯಿ ಬಿಡ್ಲಿಲ್ಲ. ಈಗ ಹೇಳ್ಲಾ? ಬಾ.”

ಇಷ್ಟು ದಿನ ಕಾದ ಮಾತು. ಕಿವಿಗೆ ಬಿದ್ದಾಗ ಏನೂ ಆಗಲಿಲ್ಲ. ಒತ್ತಿ ಹೊರಡಿಸಿದ ಮಾತು ಅದು. ಯಂತ್ರ, ಗಾಜಿನ ಆಚೆ ನಿಂತು ನೋಡುವ ತನ್ನ ಸಹೋದ್ಯೋಗಿಗಳು, ಒಡೆಯುವ ಮುಂಚಿನ ಆ ಸಣ್ಣ ಸದ್ದು ಇವೆಲ್ಲ ಅವಳ ಕಣ್ಣ ಮುಂದೆ ಬಂದವು. ಆ ಕೆಲಸ ಬಿಡಲು ತನಗೆ ಮನಸ್ಸೇ ಇರಲಿಲ್ಲ ಎಂದು ಆಗ ತಿಳಿಯಿತು. ಬೇಕಾದದ್ದು ಊರು ಬದಲಿಸುವುದಲ್ಲ, ಇವನ ಇಡೀ ವಾರ. ಬಾ ಎನ್ನುವ ಮಾತನ್ನು ತಾನೂ ಒಮ್ಮೆಯೂ ಆಡಿರಲಿಲ್ಲ.

“ನೀನು ಬಾ,” ಎಂದಳು.

“ಆಖೆನ್‌ಗಾ? ನಾನಾ?”

ಆ ಬೆರಗು ನಿಜವಾದದ್ದು. ಅವನಿಗೆ ಅದು ಹೊಳೆದೇ ಇರಲಿಲ್ಲ. ಲಾವಣ್ಯಾ ಎದ್ದು ಬ್ಯಾಕ್‌ಪ್ಯಾಕ್ ಹೆಗಲಿಗೇರಿಸಿದಳು.

“ನಾಳೆ ನಾನು ಅವರಿಗೆ ಹೂಂ ಅಂತೀನಿ. ನೀನು ಯೋಚನೆ ಮಾಡು, ಟೈಮ್ ತಗೋ. ಆದ್ರೆ ಮತ್ತೆ ಮುಂದಿನ ಶುಕ್ರವಾರ ಸ್ಟೇಷನ್ನಲ್ಲಿ ನಗ್ತಾ ನಿಂತಿರ್ತೀನಿ ಅಂತ ಮಾತ್ರ ಅಂದ್ಕೋಬೇಡ,” ಎನ್ನುತ್ತಲೇ ಅವಳು ಕೆರೆಯ ಸುತ್ತಿನ ಕಾಲುದಾರಿ ಹಿಡಿದು ನಡೆದಳು.