ಬಂಡಮ್ಮನ ಪಾಳಿಯ ನೀರು

ಬಂಡಮ್ಮ ಮಹಾರಾಷ್ಟ್ರದ ಉಮರ್ಗಾಕ್ಕ ಬಂದು ಮೂವತ್ತೆಂಟು ವರ್ಷ ಆಗಿತ್ತು. ಹುಟ್ಟಿದ್ದು ಗಡಿ ಆಚೆ, ಕರ್ನಾಟಕದ ಆಳಂದ ಕಡೆ. ಗಂಡನೂ ಅಲ್ಲಿಯವನೇ, ಇಲ್ಲಿಯ ಅಡತಿ ಅಂಗಡಿಯೊಳಗ ಹಮಾಲಿ ಮಾಡಲಿಕ್ಕೆ ಬಂದು ಇಲ್ಲೇ ಮಣ್ಣಾದ. ಆಮ್ಯಾಲೆ ಬಂಡಮ್ಮ ಜ್ವಾಳದ ರೊಟ್ಟಿ ಬಡಿದು ಬದುಕಿದಳು. ಓಣಿಯೊಳಗ ಯಾರದೇ ಲಗ್ನ, ಯಾರದೇ ತೊಟ್ಟಿಲ ಇರಲಿ, ರೊಟ್ಟಿ ಆಕಿ ಕೈದೇ.

ಬರ ಬಿದ್ದು ಲಾತೂರಿಗೆ ರೈಲಿನ್ಯಾಗ ನೀರು ಬಂದ ವರ್ಷ, ಅರಿವಿ ಅಂಗಡಿ ಮನ್ಮಥಪ್ಪಗ ಧರ್ಮದ ಮ್ಯಾಲೆ ಒಮ್ಮೆಲೆ ಪ್ರೀತಿ ಉಕ್ಕಿತು. ಎರಡು ಪಕ್ಷದಾಗ ಟಿಕೀಟು ಸಿಗದವ, ಮೂರನೇದು ತಾನೇ ಹುಟ್ಟಿಸಿದ. ಸೀಮಾ ಅಸ್ಮಿತಾ ಪಕ್ಷ ಅಂತ ಹೆಸರು. ನಿಲಂಗಾದಾಗ, ಉದಗೀರದಾಗ ಮೈಕು ಹಿಡಿದು ಹೇಳಿದ್ದು ಇಷ್ಟೇ: ಧರ್ಮ ಉಳೀಬೇಕು, ಮಣ್ಣಿನ ಮಕ್ಕಳು ಉಳೀಬೇಕು, ಹೊರಗಿನವರು ಗಂಟು ಕಟ್ಟಬೇಕು. ಭಾಷಣ ಮರಾಠಿಯೊಳಗ. ಮನಿಯೊಳಗ ಹೆಂಡತಿಗೆ ಬೈಯೋದು ಮಾತ್ರ ಕನ್ನಡದೊಳಗ.

ಪಕ್ಷದ ಮೊದಲನೇ ಸೇವಾ ಅಂತ ಓಣಿಗೆ ಟ್ಯಾಂಕರ್ ಕಳಿಸಿದ. ಮನಿಗೆ ಎರಡು ಕೊಡ. ಜೋಡಿಗೆ ತನ್ನ ಅಂಗಡಿ ಗುಮಾಸ್ತ ವೀರಭದ್ರನ್ನ ಕಳಿಸಿದ. ಗಡಿ ಆಚೆ ಹುಟ್ಟಿದವರಿಗೆ ನೀರು ಕೊಡಬಾರದಂತ ಹುಕುಂ.

ಪಾಳಿಯೊಳಗ ಮೊದಲು ಬಂಡಮ್ಮ.

"ಹುಟ್ಟಿದೂರು ಯಾವುದು ನಿಂದು?"

"ಆಳಂದ ಕಡೀದು."

"ಕೊಡ ತಗೀ."

ಬಂಡಮ್ಮ ಕೊಡ ತಗದು ಬಾಜೂಕ ಕುಂತಳು. "ಹಿಂದಿನವರನ್ನೂ ಕೇಳಪ್ಪಾ ಮತ್ತ."

ಕೇಳಿದ. ಕುಸುಮಬಾಯಿ ಬಸವಕಲ್ಯಾಣ. ಪ್ರೇಮಾಬಾಯಿ ಹುಮನಾಬಾದ. ಶಿವಗಂಗಾಬಾಯಿ ಭಾಲ್ಕಿ. ಇಲ್ಲಿಯ ಅಂಗಡಿಕಾರರು ಅಜ್ಜನ ಕಾಲದಿಂದ ಹೆಣ್ಣು ತರೋದೇ ಗಡಿ ದಾಟಿ. ಪಕ್ಷ ಕಟ್ಟಿದ ಗಂಡಸರಿಗೆ ಅದು ಹೊಳೀಲಿಲ್ಲ. ನೀರಿನ ಪಾಳಿಯೊಳಗ ಅವರು ಎಂದು ನಿಂತಿದ್ದರು? ಕಡೀಕ ಮನ್ಮಥಪ್ಪನ ಹೆಂಡತಿ ಶಕುಂತಲಾಬಾಯಿ ಬಂದಳು.

"ವೈನಿ, ನಿಮ್ದು..." ವೀರಭದ್ರ ದನಿ ತಗ್ಗಿಸಿ ಕೇಳಿದ.

"ನಂದೂ ಆಳಂದ. ಬರಕೋ. ನಿಮ್ಮ ಸಾಹುಕಾರ ಬಂದ ಮ್ಯಾಲೆ ಚಹಾಕ್ಕ ನೀರು ನೀನೇ ಕೊಡು."

ಉದಗೀರಕ್ಕ ಭಾಷಣಕ್ಕ ಹೋಗಿದ್ದ ಮನ್ಮಥಪ್ಪಗ ಫೋನು ಹೋತು. ಅಲ್ಲಿಂದ ತಿದ್ದುಪಡಿ ಬಂತು: ಲಗ್ನಾಗಿ ಬಂದವರು ನಮ್ಮವರೇ.

"ನಾನೂ ಲಗ್ನಾಗೇ ಬಂದೀನಪ್ಪಾ, ಓಡಿ ಬಂದಿಲ್ಲ," ಅಂದಳು ಬಂಡಮ್ಮ.

"ನಿನ್ನ ಗಂಡನೂ ಆಚೆಯವ."

ಹೆಂಗಸರು ನಕ್ಕರು, ತುಂಬಿಕೊಂಡರು, ಹೋದರು. ಶಕುಂತಲಾಬಾಯಿನೂ ತಿರುಗಿ ನೋಡಲಿಲ್ಲ. ಹತ್ತು ನಿಮಿಷದ ಹಿಂದ ಎಲ್ಲರೂ ಹೊರಗಿನವರೇ ಇದ್ದರು. ಕೊಡ ತುಂಬಿದ ಕೂಡಲೇ ಊರಿನವರಾದರು. ಬಂಡಮ್ಮ ಖಾಲಿ ಕೊಡ ಎತ್ತಿಕೊಂಡು ಮನಿಗೆ ನಡೆದಳು.

ಎರಡು ದಿನ ಬಿಟ್ಟು ಪಕ್ಷದ ಸ್ಥಾಪನಾ ಸಮಾರಂಭ, ಊಟ. ಅವತ್ತು ಮುಂಜಾನೆ ವೀರಭದ್ರ ಹಿಟ್ಟಿನ ಚೀಲ ಹೊತ್ತು ಆಕಿ ಬಾಗಲಿಗೆ ಬಂದ. ಕೊರಳಾಗ ಪಕ್ಷದ ಹೊಸ ಕೇಸರಿ ಶಲ್ಯ.

"ಬಂಡಮ್ಮಾ, ಮುನ್ನೂರು ರೊಟ್ಟಿ. ನಿನ್ನ ಕೈದೇ ಆಗಬೇಕಂತ ಸಾಹುಕಾರ ಹೇಳ್ಯಾರ."

"ಒಣ ಹಿಟ್ಟು ಬಡೀಲೇನು? ನೀರೆಲ್ಲಿ?"

ಅಂವಾ ಮನ್ಮಥಪ್ಪನ ಮನಿಯಿಂದಲೇ ಎರಡು ಕೊಡ ತಂದಿಟ್ಟ. ಬಂಡಮ್ಮ ಎರಡನ್ನೂ ಒಳಗಿಟ್ಟು, ಮುಚ್ಚಿ, ಹೊಸ್ತಿಲ ಮ್ಯಾಲೆ ಬಂದು ಕುಂತಳು.

"ಯಾಕ, ಒಲಿ ಹಚ್ಚೂದಿಲ್ಲೇನು?"

"ಅವು ಮೊನ್ನೀವು, ನನ್ನ ಪಾಳೀವು. ರೊಟ್ಟಿಗೆ ಬ್ಯಾರೆ ತಾ."

"ಊಟಕ್ಕ ಬರೋ ಪಾವ್ಹಣ್ಯಾರು ನಿಲಂಗಾ ಬಿಟ್ಟಾರಂತ, ಬಂಡಮ್ಮಾ!"

"ಹಂಗಾದ್ರ ಬಿರಬಿರ ಹೋಗು."

ವೀರಭದ್ರ ಬಿಸಲು ನೋಡಿದ, ಚೀಲ ನೋಡಿದ. ಕೊರಳಿನ ಶಲ್ಯ ತಗದು ಸಿಂಬಿ ಸುತ್ತಿ ತಲಿ ಮ್ಯಾಲೆ ಇಟ್ಟುಕೊಂಡು ಸಾಹುಕಾರನ ಮನಿ ಕಡೆ ಹೊಂಟ. ಮೂರನೇ ಕೊಡ ಬಂದ ಮ್ಯಾಲೇ ಬಂಡಮ್ಮ ಒಲಿಗೆ ಕಡ್ಡಿ ಗೀರಿದಳು.